ಬೇಸಗೆಯ ಬಿಸಿಲೂ ಓಟದ ನೇಮವೂ

ಒಮ್ಮೆ ಹಿಡಿದ ನೇಮವನ್ನು ಎಂಥ ಕಾಲದಲ್ಲಿಯೂ ಬಿಡಬಾರದೆಂಬುದು ಹಿರಿಯರ ಮಾತು. ದೇಹಕ್ಕೆ ಕೇಡು ತರುವ ಹಟವು ನೇಮವೆನಿಸಲಾರದೆಂಬುದೂ ಅದೇ ಹಿರಿಯರ ಮಾತು. ಈ ಎರಡು ಮಾತುಗಳೂ ವರ್ಷದ ಹತ್ತು ತಿಂಗಳು ಒಂದರ ಪಕ್ಕದಲ್ಲೊಂದು ನೆಮ್ಮದಿಯಾಗಿ ಬಾಳುತ್ತವೆ. ಚೈತ್ರ ವೈಶಾಖಗಳು ಬಂದಾಗ ಮಾತ್ರ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ನಿತ್ಯವೂ ಇಂತಿಷ್ಟು ದೂರ ಓಡುವೆನೆಂದು ಸಂಕಲ್ಪಿಸಿದವನು ಬೆಂಕಿಯಂಥ ಬಿಸಿಲಿನ ದಿನಗಳಲ್ಲಿ ಏನು ಮಾಡಬೇಕು? ಓಡಿದರೆ ಹಟ, ಬಿಟ್ಟರೆ ವ್ರತಭಂಗ. ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ನೇಮವೆಂದರೇನು, ಅದರ ಒಡೆಯನಾರು ಎಂಬ ದೊಡ್ಡ ಪ್ರಶ್ನೆ ಇದರ ಹೊಟ್ಟೆಯಲ್ಲಿಯೇ ಅಡಗಿದೆ.

ಓಟವು ಪೇಟೆಯ ಸಿರಿವಂತರ ಹವ್ಯಾಸವೆಂದು ವಾಚಕರಾರೂ ಬಗೆಯಬಾರದು. ಕಲಬುರಗಿ, ರಾಯಚೂರು, ವಿಜಯಪುರಗಳಂಥ ಊರುಗಳಲ್ಲಿಯೂ ಈಗ ನಸುಕಿನಲ್ಲೆದ್ದು ಓಡುವವರನ್ನು ಕಾಣಬಹುದು. ಸಕ್ಕರೆ ರೋಗಕ್ಕೆ ಅಂಜಿ ವೈದ್ಯರ ಮಾತಿನಂತೆ ಓಡುವ ನಡುವಯಸ್ಸಿನವರು ಕೆಲವರು. ಪೋಲೀಸು ಭರತಿಯ 1600 ಮೀಟರ್ ಓಟದ ಪರೀಕ್ಷೆಗೋ ಸೈನ್ಯದ ಭರತಿಗೋ ಅಣಿಯಾಗುತ್ತಿರುವ ರೈತರ ಮಕ್ಕಳು ಹಲವರು. ಈ ತರುಣರಿಗೆ ಓಟವೆಂಬುದು ನಾಳಿನ ಅನ್ನದ ಮಾತು. ಮಳೆಗಾಲ ಬಂದ ಮೇಲೆ ನೋಡೋಣವೆಂದು ಅವರಿಗೆ ಹೇಳುವುದು ಸುಲಭ. ಭರತಿಯ ದಿನಾಂಕವು ಮಳೆಯನ್ನು ಕೇಳಿ ಬರುವುದಿಲ್ಲ.

ಮೊದಲು ಬಿಸಿಲಿನ ಸ್ವರೂಪವನ್ನಷ್ಟು ತಿಳಿಯೋಣ. ಬಯಲು ಸೀಮೆಯಲ್ಲಿ ದಿನದ ಗರಿಷ್ಠ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ವಾಡಿಕೆಯ ಮಟ್ಟಕ್ಕಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿದ್ದರೆ ಭಾರತೀಯ ಹವಾಮಾನ ಇಲಾಖೆಯವರು ಅದನ್ನು ಉಷ್ಣ ಅಲೆ ಎಂದು ಸಾರುತ್ತಾರೆ. 45 ಡಿಗ್ರಿ ಮುಟ್ಟಿದರೆ ವಾಡಿಕೆಯ ಲೆಕ್ಕವೇ ಬೇಕಾಗಿಲ್ಲ. ಕರಾವಳಿಗೆ 40ರ ಬದಲು 37 ಡಿಗ್ರಿಯ ಅಳತೆ. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೂ 2024ನೆಯ ಇಸವಿಯ ಏಪ್ರಿಲ್ 28ರಂದು ಉಷ್ಣಮಾನವು 38.5 ಡಿಗ್ರಿಗೆ ಏರಿತ್ತು. ಈ ವ್ಯಾಖ್ಯೆಯೊಳಗೆ ಅದು ಸೇರುವುದಿಲ್ಲ. ಆದರೆ ವ್ಯಾಖ್ಯೆಯೊಳಗೆ ಸೇರದ ಬಿಸಿಲೂ ಓಡುವವನನ್ನು ಕೆಡವಬಲ್ಲುದು. ಏಕೆಂದರೆ ಓಡುವವನಿಗೆ ಉರಿ ಎರಡು: ಒಂದು ಹೊರಗಿನದು, ಇನ್ನೊಂದು ಒಳಗಿನದು.

ಒಳಗಿನ ಉರಿಯ ಲೆಕ್ಕವು ಬೆರಗುಗೊಳಿಸುವಂಥದು. 60 ಕಿಲೋಗ್ರಾಮ್ ತೂಕದ ಮನುಷ್ಯನು ಒಂದು ಕಿಲೋಮೀಟರ್ ಓಡಿದರೆ ಸುಮಾರು 60 ಕಿಲೋಕ್ಯಾಲರಿಗಳಷ್ಟು ಶಕ್ತಿಯು ವ್ಯಯವಾಗುತ್ತದೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಬರಿಯ ಶಾಖವಾಗಿ ಮೈಯಲ್ಲಿ ಹುಟ್ಟುತ್ತದೆ. ಈ ಶಾಖವು ಹೊರಬೀಳದೆ ಒಳಗೇ ನಿಂತರೆ, ಓಡಿದ ಒಂದೊಂದು ಕಿಲೋಮೀಟರಿಗೂ ಶರೀರದ ಉಷ್ಣತೆಯು ಹೆಚ್ಚುಕಡಿಮೆ ಒಂದೊಂದು ಡಿಗ್ರಿ ಏರುತ್ತ ಹೋದೀತು. ಹಾಗಾಗದಂತೆ ಕಾಯುವುದು ಚರ್ಮ. ಗಾಳಿಯು ಚರ್ಮಕ್ಕಿಂತ ತಂಪಾಗಿರುವಾಗ ಗಾಳಿಯೇ ಶಾಖವನ್ನು ಒಯ್ಯುತ್ತದೆ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ; ಗಾಳಿಯು ಅದನ್ನು ಮೀರಿ ಬಿಸಿಯಾದಾಗ ಬೀಸುವ ಗಾಳಿಯೇ ಮೈಗೆ ಶಾಖ ತುಂಬತೊಡಗುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಮೈಮೇಲೆ ಆರಿ ಹೋಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಆದರೆ ಅದು ಆರಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ. ಈ ಕಾರಣದಿಂದಲೇ ಮಂಗಳೂರಿನ 33 ಡಿಗ್ರಿಯ ತೇವದ ಬೇಗೆಯು ಓಡುವವನನ್ನು ಬಹು ಬೇಗ ಸೋಲಿಸುತ್ತದೆ. ಕಲಬುರಗಿಯ ಒಣ ಬಿಸಿಲಿನ ಮೋಸ ಬೇರೆ ಬಗೆಯದು. ಅಲ್ಲಿ ಬೆವರು ಬಂದುದೇ ತಿಳಿಯದಂತೆ ಆರಿ ಹೋಗಿ, ಮೈಯ ನೀರು ಎಷ್ಟು ಖರ್ಚಾಯಿತೆಂಬುದು ಗೊತ್ತಾಗುವುದಿಲ್ಲ.

ಶರೀರದ ಒಳಗಿನ ಉಷ್ಣತೆಯು 40 ಡಿಗ್ರಿ ದಾಟಿ ಬುದ್ಧಿಯು ತಪ್ಪತೊಡಗಿದರೆ ಅದೇ ಉಷ್ಣಾಘಾತ. ಇಲ್ಲಿ ಒಂದು ಸಂಗತಿಯನ್ನು ಬಹಳ ಎಚ್ಚರಿಕೆಯಿಂದ ಗಮನಿಸಬೇಕು. ಸಾಕು, ನಿಲ್ಲು ಎಂದು ಹೇಳಬೇಕಾದುದು ಬುದ್ಧಿ. ಬಿಸಿಲು ಮೊದಲು ಮಂಕು ಮಾಡುವುದೂ ಆ ಬುದ್ಧಿಯನ್ನೇ. ನ್ಯಾಯ ಹೇಳಬೇಕಾದವನಿಗೇ ಮತ್ತು ಬರಿಸಿದಂತಾಯಿತು. 1954ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ನಡೆದ ಮ್ಯಾರಥಾನ್ ಓಟದಲ್ಲಿ ಇಂಗ್ಲೆಂಡಿನ ಜಿಮ್ ಪೀಟರ್ಸ್ ಎಂಬವನು ಎರಡನೆಯವನಿಗಿಂತ ಸುಮಾರು 17 ನಿಮಿಷ ಮುಂದಾಗಿ ಕ್ರೀಡಾಂಗಣವನ್ನು ಪ್ರವೇಶಿಸಿದನು. ಅಷ್ಟು ಮುಂದಿದ್ದವನು ದಾರಿಯಲ್ಲಿ ನೆರಳು ಕಂಡಲ್ಲಿ ಕುಳಿತು, ನೀರು ಕುಡಿದು, ನಡೆದುಕೊಂಡು ಬಂದಿದ್ದರೂ ಗೆಲ್ಲಬಹುದಾಗಿತ್ತು. ಅವನು ಕ್ರೀಡಾಂಗಣದೊಳಗೆ ಬೀಳುತ್ತ ಏಳುತ್ತ ತೆವಳಿ, ಗುರಿ ಮುಟ್ಟದೆಯೇ ಆಸ್ಪತ್ರೆ ಸೇರಿದನು; ಮುಂದೆ ಎಂದೂ ಸ್ಪರ್ಧೆಯಲ್ಲಿ ಓಡಲಿಲ್ಲ. ಅವನಲ್ಲಿ ಧೈರ್ಯವಿತ್ತು, ಅಭ್ಯಾಸವಿತ್ತು, ಸಂಕಲ್ಪವಂತೂ ಬೇಕಾದುದಕ್ಕಿಂತ ಹೆಚ್ಚಾಗಿತ್ತು. ಹಿಂದೆ ಯಾರೂ ಇಲ್ಲವೆಂಬ ಸಾಧಾರಣ ತಿಳಿವಳಿಕೆಯೊಂದು ಆ ಹೊತ್ತಿಗೆ ಕೆಲಸಕ್ಕೆ ಬಾರದಾಗಿತ್ತು.

ಇದಕ್ಕಿಂತ ಹಳೆಯದೂ ಹೆಚ್ಚು ಯೋಚಿಸತಕ್ಕದ್ದೂ ಆದ ಸಂಗತಿಯೊಂದಿದೆ. 1912ನೆಯ ಇಸವಿಯ ಜುಲೈ 14ರಂದು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಆ ತಂಪು ದೇಶಕ್ಕೆ ಅಂದು ಅಪರೂಪದ ಬಿಸಿಲು. ಓಟ ಆರಂಭವಾದುದು ನಡುಹಗಲಿನ ನಂತರ. ಹೊರಟವರಲ್ಲಿ ಅರ್ಧದಷ್ಟು ಮಂದಿ ಕೊನೆ ಮುಟ್ಟಲಿಲ್ಲ. ಓಡಿದವರಲ್ಲಿ ಪೋರ್ಚುಗಲ್ ದೇಶದ ಫ್ರಾನ್ಸಿಸ್ಕೋ ಲಾಜರೋ ಎಂಬ ಬಡಗಿ ಕೆಲಸದ ತರುಣನೂ, ಜಪಾನಿನ ಶಿಜೋ ಕನಕುರಿ ಎಂಬ ವಿದ್ಯಾರ್ಥಿಯೂ ಇದ್ದರು. ಬಿಸಿಲು ಚರ್ಮವನ್ನು ಸುಡದಿರಲೆಂದು ಲಾಜರೋ ಮೈಗೆಲ್ಲ ಮೇಣದಂಥ ಜಿಡ್ಡನ್ನು ಬಳಿದುಕೊಂಡಿದ್ದನೆಂದು ಹೇಳುತ್ತಾರೆ. ಬೆವರಿನ ದಾರಿಯನ್ನೇ ಹಾಗೆ ಮುಚ್ಚಿಕೊಂಡಂತಾಯಿತು. ಮೂರರಲ್ಲಿ ಎರಡು ಪಾಲು ದಾರಿ ಸವೆದ ಮೇಲೆ ಅವನು ಕುಸಿದು ಬಿದ್ದನು. ಮರುದಿನ ಬೆಳಿಗ್ಗೆ ಪ್ರಾಣಬಿಟ್ಟನು. ಕನಕುರಿಯೂ ಬಿಸಿಲಿಗೆ ಬಳಲಿ, ದಾರಿಯ ಬದಿಯ ಒಂದು ಮನೆಯ ತೋಟವನ್ನು ಹೊಕ್ಕನು. ಮನೆಯವರು ಅವನಿಗೆ ಕುಡಿಯಲು ಕೊಟ್ಟು ಉಪಚರಿಸಿದರು. ಅವನು ಓಟವನ್ನು ಅಲ್ಲಿಗೆ ಬಿಟ್ಟು, ಅಧಿಕಾರಿಗಳಿಗೂ ತಿಳಿಸದೆ, ನಾಚಿಕೆಯಿಂದ ತನ್ನ ದೇಶಕ್ಕೆ ಹಿಂದಿರುಗಿದನು.

ನಾಚಿಕೆಪಟ್ಟವನು ಬದುಕಿದನು. 1920ರಲ್ಲಿ ಆಂಟ್‌ವರ್ಪ್ ನಗರದ ಒಲಿಂಪಿಕ್ ಮ್ಯಾರಥಾನಿನಲ್ಲಿ ಅವನಿಗೆ 16ನೆಯ ಸ್ಥಾನ ದೊರೆಯಿತು. ಅದೇ ವರ್ಷ ಜಪಾನಿನಲ್ಲಿ ಮೊದಲಾದ ಹಕೋನೆ ಎಂಬ ವಿದ್ಯಾರ್ಥಿಗಳ ಸರದಿ ಓಟಕ್ಕೆ ಅವನು ಕಾರಣನಾದನು. ಆ ಓಟ ಇಂದಿಗೂ ಆ ದೇಶದ ದೊಡ್ಡ ಹಬ್ಬದಂತೆ ನಡೆಯುತ್ತಿದೆ. 1967ರಲ್ಲಿ, 75ನೆಯ ವಯಸ್ಸಿನಲ್ಲಿ, ಸ್ವೀಡನ್ನಿನವರು ಕರೆಸಿಕೊಂಡಾಗ ಅವನು ಸ್ಟಾಕ್‌ಹೋಮಿಗೆ ಹೋಗಿ ತನ್ನ ಓಟವನ್ನು ಮುಗಿಸಿದನು. ಲೆಕ್ಕ ಹಾಕಿದವರು 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು ಎಂದು ಬರೆದರು.

ಈ ಕಥೆಯನ್ನು ಹೇಳಿ, ಕನಕುರಿ ವಿವೇಕಿ, ಲಾಜರೋ ಅವಿವೇಕಿ ಎಂದು ತೀರ್ಪು ಕೊಡುವವರುಂಟು. ಅದು ಸರಿಯೆಂದು ತೋರುವುದಿಲ್ಲ. ಇಬ್ಬರೂ ದೇಶದ ಮಾನವನ್ನು ಹೆಗಲ ಮೇಲೆ ಹೊತ್ತು ಬಂದ ಹುಡುಗರು. ಇಬ್ಬರ ಸಂಕಲ್ಪವೂ ಒಂದೇ ತೂಕದ್ದು. ನಿಲ್ಲುವುದು ಲೇಸೆಂದು ಕನಕುರಿ ಕುಳಿತು ಯೋಚಿಸಿ ನಿಂತವನಲ್ಲ. ಅವನ ಮೈಯೇ ಅವನನ್ನು ನಿಲ್ಲಿಸಿತು. ಒಬ್ಬನ ಮೈ ಎಚ್ಚರಿಸಿತು, ಇನ್ನೊಬ್ಬನಿಗೆ ಆ ಎಚ್ಚರಿಕೆ ದೊರೆಯಲಿಲ್ಲ. ಹಾಗಾದರೆ ಆ ಉರಿಯ ನಡುವೆ ಸಂಕಲ್ಪವನ್ನು ನಂಬಿದರೂ ಸಾಲದು, ವಿವೇಕವನ್ನು ನಂಬಿದರೂ ಸಾಲದು ಎಂದಾಯಿತು. ನಿಲ್ಲುವ ತೀರ್ಮಾನವು ಓಟಕ್ಕೆ ಮೊದಲೇ, ತಲೆ ತಂಪಾಗಿರುವ ಹೊತ್ತಿನಲ್ಲಿಯೇ ಆಗಿರಬೇಕು. ಇಂದಿನ ಬಿಸಿಲು ಇಷ್ಟಿದ್ದರೆ ಇಷ್ಟೇ ದೂರ. ತಲೆ ಸುತ್ತಿದರೆ, ಚಳಿ ಬಂದಂತೆ ಮೈ ನವಿರೆದ್ದರೆ, ಹೆಜ್ಜೆ ಅತ್ತಿತ್ತ ಬಿದ್ದರೆ, ಅಲ್ಲಿಗೇ ನಿಲುಗಡೆ. ಹೀಗೆ ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಂಡು, ಅದನ್ನು ನೇಮದ ಅಂಗವಾಗಿಯೇ ಸ್ವೀಕರಿಸಬೇಕು. ಹೀಗೆ ಮಾಡಿದ ಮೇಲೆ ನಿಂತವನು ನೇಮವನ್ನು ಮುರಿದವನಾಗುವುದಿಲ್ಲ. ನಿಲ್ಲದೆ ಮುಂದೆ ಹೋದವನೇ ಮುರಿದವನಾಗುತ್ತಾನೆ.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಸೋಮಾರಿತನಕ್ಕೆ ಬೇಕಾದುದು ಇಂಥ ಮಾತೇ ಅಲ್ಲವೇ? ಹಾಸಿಗೆ ಬಿಟ್ಟೇಳಲು ಮನಸ್ಸಿಲ್ಲದವನು ಬಿಸಿಲಿನ ನೆವ ಹೇಳಿ ಮಲಗುತ್ತಾನೆ. ಆಷಾಢದಲ್ಲಿ ಮಳೆಯ ನೆವ, ಪುಷ್ಯದಲ್ಲಿ ಚಳಿಯ ನೆವ. ಈ ಆಕ್ಷೇಪವನ್ನು ಹಗುರಾಗಿ ತಳ್ಳುವಂತಿಲ್ಲ. ಸೋಮಾರಿಯೂ ವಿವೇಕಿಯೂ ಆಡುವ ಮಾತು ಒಂದೇ ಆಗಿರುತ್ತದೆ. ಆಡಿದ ಮಾತಿನಿಂದ ಅವರನ್ನು ಬೇರ್ಪಡಿಸಲಾಗದು. ಮಾತು ಹುಟ್ಟಿದ ಹೊತ್ತಿನಿಂದ ಮಾತ್ರ ಬೇರ್ಪಡಿಸಬಹುದು. ಎದ್ದು ಪಾದರಕ್ಷೆ ಕಟ್ಟುವ ಗಳಿಗೆಯಲ್ಲಿ ಹೊಳೆದ ವಿನಾಯಿತಿಯನ್ನು ಅನುಮಾನಿಸಬೇಕು. ಹಿಂದಿನ ದಿನವೇ ಮಾಡಿಕೊಂಡ ಕಟ್ಟಳೆಯನ್ನು ಅನುಮಾನಿಸಬೇಕಾಗಿಲ್ಲ. ಇನ್ನೂ ಒಂದು ಗುರುತುಂಟು. ಸೋಮಾರಿಯು ಓಟವನ್ನು ಇಡಿಯಾಗಿ ಬಿಡುತ್ತಾನೆ. ವಿವೇಕಿಯು ಅದನ್ನು ಚಿಕ್ಕದು ಮಾಡಿಕೊಂಡು, ನಡಿಗೆಯನ್ನಾದರೂ ಉಳಿಸಿಕೊಳ್ಳುತ್ತಾನೆ.

ಶರಣರು ಈ ವಿಷಯದಲ್ಲಿ ನಮಗೆ ಕೊಟ್ಟಿರುವ ದೃಷ್ಟಿಯನ್ನು ಒಂದು ಮಾತಿನಲ್ಲಿ ನೆನೆಯಬಹುದು. ಅವರು ಕಾಯವನ್ನು ಗುಡಿಯೆಂದು ಕಂಡರು. ಕಾಯವನ್ನು ದಂಡಿಸುವುದೇ ಸಾಧನೆಯೆಂಬ ಮತವನ್ನು ಒಪ್ಪಲಿಲ್ಲ. ಆದರೆ ವ್ರತದಲ್ಲಿ ಸಡಿಲವನ್ನೂ ಅವರು ಸಹಿಸಲಿಲ್ಲ. ಇವೆರಡನ್ನೂ ಕೂಡಿಸಿದ್ದು ಅಳತೆ. ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ವಾಚಕರಿಗೆ ತಿಳಿದೇ ಇದೆ. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಗೆ ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದರು. ಕಡಿಮೆಯಾದಾಗ ಮಾತ್ರ ನೇಮ ಕೆಡುತ್ತದೆಂದು ನಾವು ತಿಳಿದಿರುತ್ತೇವೆ. ಹೆಚ್ಚಾದಾಗಲೂ ಕೆಡುತ್ತದೆಂದು ಆ ತಾಯಿ ಕಂಡುಕೊಂಡಿದ್ದರು. ಅದು ಕಾಯಕದ ಮಾತು; ಓಟವನ್ನು ಕಾಯಕವೆನ್ನಲು ಬಾರದು, ಅದರಿಂದ ದಾಸೋಹವೇನೂ ನಡೆಯುವುದಿಲ್ಲ. ಆದರೂ ಅಳತೆಯ ನೀತಿ ಇದಕ್ಕೂ ಸಲ್ಲುತ್ತದೆ. ಇಂದು ಕೈಗಡಿಯಾರವೇ ಓಡಿದ ದೂರವನ್ನು ಎಣಿಸಿ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ತೋರಿಸುತ್ತದೆ. ಆ ಅಂಕಿಯನ್ನು ನಾಲ್ವರಿಗೆ ತೋರಿಸುವ ಚಪಲವೂ ಬೆಳೆದಿದೆ. ಶರೀರದ ಆರೋಗ್ಯಕ್ಕೆಂದು ಹಿಡಿದ ನೇಮವು ಅಂಕಿಯ ಸೇವೆಗೆ ನಿಂತಿತೆಂದರೆ ಒಡೆಯನು ಬದಲಾದನೆಂದೇ ಅರ್ಥ. ಬಿಸಿಲಿನ ದಿನಗಳಲ್ಲಿ ಈ ಬದಲಾವಣೆಯು ಬೇಗ ಬಯಲಿಗೆ ಬೀಳುತ್ತದೆ.

ಅಂಕಿಯನ್ನು ಎಣಿಸಿಯೂ ಅದಕ್ಕೆ ಆಳಾಗದೆ ಉಳಿದವರಿಲ್ಲವೆಂದಲ್ಲ. ಇಂಗ್ಲೆಂಡಿನ ರಾನ್ ಹಿಲ್ ಎಂಬ ಪ್ರಸಿದ್ಧ ಓಟಗಾರರು 1964ರ ಡಿಸೆಂಬರಿನಿಂದ 2017ರ ಜನವರಿಯವರೆಗೆ, ಐವತ್ತೆರಡು ವರ್ಷಗಳಿಗೂ ಮೀರಿ, ಒಂದು ದಿನವನ್ನೂ ತಪ್ಪಿಸದೆ ಓಡಿದರು. ಈ ನೇಮವು ಅಷ್ಟು ಕಾಲ ಬಾಳಿದ್ದು ಅದರ ಅಳತೆ ಚಿಕ್ಕದಾಗಿದ್ದುದರಿಂದ: ದಿನಕ್ಕೆ ಕನಿಷ್ಠ ಒಂದು ಮೈಲಿ. ಆಗದ ದಿನ ಅಷ್ಟೇ. ಆಗುವ ದಿನ ಎಷ್ಟಾದರೂ ಸರಿ. ಮೂಳೆ ಮುರಿದ ದಿನಗಳಲ್ಲಿಯೂ ಅವರು ಓಡಿದ್ದನ್ನು ಹೊಗಳುವುದಕ್ಕೆ ಮನಸ್ಸು ಬಾರದು. ಆದರೆ ಕೊನೆಯಲ್ಲಿ ಓಡುತ್ತಿರುವಾಗ ಎದೆಯಲ್ಲಿ ನೋವು ಕಾಣಿಸಿಕೊಂಡಾಗ, ಹೆಂಡತಿ ಮಕ್ಕಳ ಮುಖ ನೋಡಿ, ಹತ್ತೊಂಬತ್ತು ಸಾವಿರ ದಿನಗಳನ್ನು ಮೀರಿದ ಆ ಎಣಿಕೆಯನ್ನು ತಾವೇ ಮುಗಿಸಿದರು. ಬಟ್ಟೆಯ ರಸಾಯನಶಾಸ್ತ್ರದಲ್ಲಿ ಪದವಿ ಪಡೆದಿದ್ದ ಈ ಮಹನೀಯರು ಬೇಗೆಯಲ್ಲಿ ಓಡುವುದಕ್ಕಾಗಿ ಬಲೆಯಂಥ ಬನಿಯನ್ ತೊಡುತ್ತಿದ್ದರೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಬೆವರು ಆರಲು ಎಡೆ ಕೊಡಬೇಕೆಂಬುದನ್ನು ಲಾಜರೋನಿಗೆ ಯಾರಾದರೂ ತಿಳಿಸಿದ್ದರೆ!

ಬೇಸಗೆಯಲ್ಲಿ ಓಟವನ್ನು ಇಡಿಯಾಗಿ ಬಿಡುವುದೂ ಲೇಸಲ್ಲವೆಂಬುದಕ್ಕೆ ಶರೀರಶಾಸ್ತ್ರದ ಆಧಾರವಿದೆ. ಬಿಸಿಲಿನಲ್ಲಿ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ದುಡಿದ ಮೈಯು ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಬಿಸಿಲಿಗೆ ಪಳಗುತ್ತದೆ. ರಕ್ತದ ದ್ರವಾಂಶ ಹೆಚ್ಚುತ್ತದೆ. ಬೆವರು ಬೇಗ ಹುಟ್ಟುತ್ತದೆ. ಬೆವರಿನೊಡನೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅದೇ ವೇಗಕ್ಕೆ ಎದೆಬಡಿತ ನಿಧಾನವಾಗುತ್ತದೆ. ಕೆಲವು ವಾರ ಬಿಟ್ಟರೆ ಈ ಪಳಗುವಿಕೆ ಅಳಿದು ಹೋಗುತ್ತದೆ. ಆದ್ದರಿಂದ ಹದಿನೈದು ದಿನ ಮಲಗಿದ್ದು, ಹದಿನಾರನೆಯ ದಿನ ಒಮ್ಮೆಲೇ ಹತ್ತು ಕಿಲೋಮೀಟರ್ ಓಡುವವನೇ ಎಲ್ಲರಿಗಿಂತ ಹೆಚ್ಚು ಅಪಾಯಕ್ಕೆ ಒಳಗಾಗುತ್ತಾನೆ. ಬಿಸಿಯಲ್ಲಿ ಹೊಸದಾಗಿ ದುಡಿಯಲು ಬಂದ ಕೆಲಸಗಾರನಿಗೆ ಮೊದಲ ದಿನ ಐದರಲ್ಲೊಂದು ಪಾಲಿನಷ್ಟು ಕೆಲಸ, ಆಮೇಲೆ ದಿನಕ್ಕೆ ಐದರಲ್ಲೊಂದರಂತೆ ಏರಿಕೆ ಎಂಬ ಸಲಹೆ ಅಮೆರಿಕೆಯ ಕಾರ್ಮಿಕ ಆರೋಗ್ಯ ಸಂಸ್ಥೆಯದು. ಓಡುವವನಿಗೂ ಅದು ಒಪ್ಪುತ್ತದೆ.

ಹೊತ್ತಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸೂರ್ಯೋದಯಕ್ಕೆ ತುಸು ಮುಂಚಿನ ಹೊತ್ತು ಇಡೀ ದಿನದಲ್ಲಿ ತಂಪಾದುದು. ಸಂಜೆ ಬಿಸಿಲು ಇಳಿದರೂ ಡಾಂಬರು ರಸ್ತೆಯೂ ಕಲ್ಲು ಗೋಡೆಗಳೂ ಹಗಲೆಲ್ಲ ಕುಡಿದ ಶಾಖವನ್ನು ಉಗುಳುತ್ತಲೇ ಇರುತ್ತವೆ. ಊರ ಹೊರಗಿನ ಮಣ್ಣಿನ ದಾರಿ ಲೇಸು. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು. ಬಲವಂತವಾಗಿ ಬರಿಯ ನೀರನ್ನೇ ತುಂಬಿಕೊಂಡರೆ ರಕ್ತದ ಉಪ್ಪು ತೆಳುವಾಗಿ ಅದೇ ಪ್ರಾಣಕ್ಕೆ ಎರವಾಗಬಹುದು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿಗಳನ್ನು ನಮ್ಮ ಹಿರಿಯರು ಬೇಸಗೆಗೆ ಗೊತ್ತುಮಾಡಿದ್ದು ಬರಿಯ ರುಚಿಗಲ್ಲ. ಜ್ವರ, ಭೇದಿ, ನಿದ್ದೆಗೇಡುಗಳಾದ ಮರುದಿನ ಓಡಲೇ ಕೂಡದು. ಇದೊಂದು ಕಟ್ಟಳೆಯಲ್ಲಿ ವಿನಾಯಿತಿಯಿಲ್ಲ.

ಭರತಿಗೆ ಅಣಿಯಾಗುವ ಹುಡುಗರನ್ನು ಓಡಿಸುವ ಗುರುಗಳ ಹೊಣೆ ಇಲ್ಲಿ ಹೆಚ್ಚಿನದು. ತನಗೆ ತಾನೇ ಹಾಕಿಕೊಂಡ ನೇಮವನ್ನು ತಾನು ಸಡಿಲಿಸಬಹುದು. ಗುರು ಹಾಕಿದ್ದನ್ನು ಶಿಷ್ಯನು ಸಡಿಲಿಸಲಾರ. ಬಿದ್ದರೂ ಸರಿ, ಗುರುವಿನ ಎದುರು ಹಿಂಜರಿಯಬಾರದೆಂದು ಆ ವಯಸ್ಸು ಹೇಳುತ್ತದೆ. ಹುಡುಗನು ತಾನಾಗಿ ನಿಲ್ಲಲಾರನಾದುದರಿಂದ, ನಿಲ್ಲೆಂದು ಹೇಳುವ ಮಾತು ಗುರುವಿನ ಬಾಯಿಂದಲೇ ಬರಬೇಕು. ನೀರು ಕೇಳಿದವನನ್ನು ಹೇಡಿಯೆನ್ನುವ ಗುರುವು ಓಟವನ್ನು ಕಲಿಸುತ್ತಿದ್ದಾನೆಂದು ನಾವು ಒಪ್ಪಲಾರೆವು.

ಕೊನೆಯದಾಗಿ ಒಂದು ವಿಚಾರ. ಓಡುವವನಿಗೆ ಬಿಸಿಲು ತಾನಾಗಿ ಆರಿಸಿಕೊಂಡುದು. ಬೇಡವೆಂದಾಗ ಅವನು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಸರಕಾರಿ ಕಚೇರಿಗಳ ಹೊತ್ತನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ಬದಲಿಸುವ ಪದ್ಧತಿಯಿದೆ. ಸರಕಾರದ ನೇಮವೂ ಬಿಸಿಲಿಗೆ ಬಾಗುತ್ತದೆ. ಬಾಗಲಾರದ ನೇಮವುಳ್ಳವರು ಬೇರೆಯೇ ಇದ್ದಾರೆ. ರಸ್ತೆಗೆ ಡಾಂಬರು ಹಾಕುವವರು, ಇಟ್ಟಿಗೆಯ ಭಟ್ಟಿಯವರು, ಮನೆ ಕಟ್ಟುವ ಕೂಲಿಯವರು, ನಡುಹಗಲಿನಲ್ಲಿ ಮನೆಮನೆಗೆ ಊಟದ ಪೊಟ್ಟಣ ಹೊತ್ತು ತಿರುಗುವ ಹುಡುಗರು: ಇವರದು ನಿಜವಾದ ಕಾಯಕ, ಮತ್ತು ಒಂದು ದಿನ ನಿಂತರೆ ಆ ದಿನದ ಕೂಲಿಯೂ ನಿಲ್ಲುತ್ತದೆ. ತಲೆ ಸುತ್ತಿದಾಗ ನಿಲ್ಲಬೇಕೆಂಬ ಕಟ್ಟಳೆಯನ್ನು ಅವರು ಮಾಡಿಕೊಳ್ಳುವಂತಿಲ್ಲ. ಕೆಲಸ ಮಾಡಿಸುವವನು ಮಾಡಬೇಕು. ಕೆಲಸವನ್ನು ನಸುಕಿಗೆ ಸರಿಸುವುದು, ನೆರಳು, ನೀರು, ಗಂಟೆಗೊಮ್ಮೆ ವಿಶ್ರಾಂತಿ, ಇವು ದೊಡ್ಡ ಖರ್ಚಿನ ಮಾತುಗಳೇನಲ್ಲ.

ಬೇಸಗೆಯಲ್ಲಿ ನೇಮ ಹಿಡಿದು ಓಡಿದವನಿಗೆ ಒಂದು ತಿಳಿವಂತೂ ದಕ್ಕಿರುತ್ತದೆ: ಮನುಷ್ಯನ ಮೈ ಬಿಸಿಲಿಗೆ ಹೇಗೆ ಸೋಲುತ್ತದೆಂಬುದನ್ನು ಅವನು ತನ್ನಲ್ಲಿಯೇ ಕಂಡಿದ್ದಾನೆ. ಆದ್ದರಿಂದ ರಸ್ತೆಯ ಬದಿಯಲ್ಲಿ ಸಲಿಕೆ ಹಿಡಿದವನು ತಡವರಿಸಿ ಮಾತನಾಡುವುದನ್ನೋ, ಹೆಜ್ಜೆ ತಪ್ಪುವುದನ್ನೋ ಮೊದಲು ಗುರುತಿಸಬೇಕಾದವನು ಅವನೇ. ಕುಡಿದಿದ್ದಾನೆಂದು ಜನ ದಾಟಿ ಹೋಗುತ್ತಾರೆ. ಅವನನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಕೈಗೆ ಸಿಕ್ಕಷ್ಟು ತಣ್ಣೀರನ್ನು ತಲೆಯಿಂದ ಕಾಲಿನವರೆಗೆ ಸುರಿದು ಗಾಳಿ ಹಾಕಬೇಕು. ತೊಟ್ಟಿಯಿದ್ದರೆ ಕತ್ತು ಮೇಲಿರುವಂತೆ ಹಿಡಿದು ನೀರಿನಲ್ಲಿಯೇ ಕುಳ್ಳಿರಿಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹೊಯ್ಯಬಾರದು. 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ನೀರು ಸುರಿಯುವುದನ್ನು ನಿಲ್ಲಿಸಬಾರದು. ಮೈ ತಣಿಯುವುದು ಮೊದಲು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ ಎಂಬುದೇ ಈ ವಿಷಯದಲ್ಲಿ ವೈದ್ಯರ ಮತ.